ಎಡಗಡೆಯ ಶಿಫ್ಟ್ ಕೀಲಿ

ನೋವಾ ದೊಲಿನ, ಆಲ್ಬರ್ಟಾ
ಮೇ 5, 2018

ಝೋನ್ಯಾ,

ಕೈಬರಹ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಸತ್ತಿರುವುದು ನೀನು ಸರಿಮಾಡಿ ಕೊಟ್ಟ ಲ್ಯಾಪ್‌ಟಾಪಿನ ಕೀಬೋರ್ಡ್ ಮಾತ್ರ.

ಕಳೆದ ಚಳಿಗಾಲದಲ್ಲಿ ನನ್ನ ಅಡುಗೆಮನೆ ಮೇಜಿನ ಮುಂದೆ ಕೂತು, ಅದರಲ್ಲಿದ್ದ ವಿಂಡೋಸ್ ಕಿತ್ತುಹಾಕಿ ಲಿನಕ್ಸ್ ತುಂಬುವಾಗ ನೀನು ಏನಂದೆ? "ಇನ್ನು ನೀನು ಇದರ ಕಡೆ ತಿರುಗಿ ನೋಡೋದೇ ಬೇಡ ಕಣೋ." ಈಗ ಬೆಳಗ್ಗೆ ಸಂಜೆ ಅದನ್ನೇ ನೋಡುತ್ತ ಕೂತಿದ್ದೇನೆ. ಹೆಸರು, ಗುಪ್ತಪದ ಕೇಳುವ ಮೊದಲ ಪರದೆಯಲ್ಲಿ ಒಳ್ಳೆಯ ಹುಡುಗನ ಹಾಗೆ ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತದೆ. ಬಾಗಿಲು ತೆರೆದು ಒಳಗೆ ಹೋದೆನೋ, ಬಾಯಿ ಬಂದ್. ಮೌಸ್ ಓಡುತ್ತದೆ, ಕಿಟಕಿಗಳು ತೆರೆಯುತ್ತವೆ, ಮುಚ್ಚುತ್ತವೆ. ಅಕ್ಷರ ಮಾತ್ರ ಒಂದೂ ಇಲ್ಲ. ಪೇಟೆಯ ರಿಪೇರಿ ಅಂಗಡಿಗೆ ಒಯ್ದರೆ ಆತ "ಲಿನಕ್ಸಾ? ತೆಗೆದೇಬಿಡೋಣ ಬಿಡಿ" ಅಂದ. ವಾಪಸ್ ತಂದೆ.

ನಮ್ಮೂರ ಸಭಾಭವನಕ್ಕೆ ಸೆಪ್ಟೆಂಬರಿನಲ್ಲಿ ನೂರು ತುಂಬುತ್ತದೆ, ಅದರ ನೆನಪಿನ ಪುಸ್ತಕ ನನ್ನ ತಲೆಗೆ ಕಟ್ಟಿದ್ದಾರೆ ಅಂತ ಹೇಳಿದ್ದೆನಲ್ಲ. ಸಮಿತಿಯ ಪಾವ್ಲಿನಾ ದಾರಿಯಲ್ಲಿ ನಾನು ಓಡಿಸುವ ಶಾಲೆ ಬಸ್ಸಿಗೆ ಅಡ್ಡ ನಿಂತು ಕೇಳುತ್ತಾಳೆ: "ಎಲ್ಲಿಗ್ ಬಂತು ನೆಸ್ಟರ್? ನಿನ್ ಬಸ್ಸಿಗಿಂತ ನಿಧಾನ ಆಯ್ತಲ್ಲ ನಿನ್ ಪುಸ್ತಕ!" ಒಳಗೆ ಕೂತ ಶಾಲೆ ಮಕ್ಕಳೆಲ್ಲ ಕಿಸಕ್ಕೆಂದು ನಗುತ್ತವೆ.

ನಿನ್ನ ಬೆಂಕಿ ಕಾವಲು ಗೋಪುರದ ಮೇಲೆ ಫೋನು ಸಿಗದು, ರೇಡಿಯೊ ಇರುವುದು ಹೊಗೆಗೂ ಹವಾಮಾನಕ್ಕೂ ಮಾತ್ರ ಅಂತ ಗೊತ್ತು. ಅದಕ್ಕೇ ಈ ಕಾಗದ. ಹೆಲಿಕಾಪ್ಟರಿನಲ್ಲಿ ನಿನ್ನ ಈರುಳ್ಳಿ, ಹಿಟ್ಟಿನ ಜೊತೆ ಬಂದು ಇಳಿಯುತ್ತದೆ.

ಬಸ್ಸು ಚೆನ್ನಾಗಿದೆ, ನಾನೂ ಚೆನ್ನಾಗಿದ್ದೇನೆ. ಅಮ್ಮನ ನೀಲಿ ಬಟ್ಟಲು ಒಡೆಯಿತು. ಸೋಪಿನ ಕೈಯಿಂದ ಜಾರಿತು. ಬೈಯಬೇಡ.

ನಿನ್ನ ಅಣ್ಣ
ನೆಸ್ಟರ್


ಟಾಮರಾಕ್ ಗುಡ್ಡದ ಬೆಂಕಿ ಕಾವಲು ಗೋಪುರ
ಮೇ 17

ಅಣ್ಣಾ,

ಬಟ್ಟಲಿಗೆ ಆಮೇಲೆ ಬೈಯುತ್ತೇನೆ. ಮೊದಲು ನಿನ್ನ ಅಕ್ಷರಕ್ಕೆ. ಸಾಲುಗಳೆಲ್ಲ ಎಡದಿಂದ ಹೊರಟು ಬಲಕ್ಕೆ ಬರುವಷ್ಟರಲ್ಲಿ ಹಿಮದ ಮೇಲೆ ಜಾರುವ ಮಕ್ಕಳ ಹಾಗೆ ಕೆಳಗೆ ಹೋಗಿವೆ. ಬಸ್ಸು ಓಡಿಸುತ್ತಲೇ ಬರೆದೆಯಾ? ಇಲ್ಲಾ ಪಾವ್ಲಿನಾ ಮನೆಯ ಚೆರ್ರಿ ಬ್ರಾಂದಿಯ ಪ್ರಭಾವವೋ?

ಈಗ ಕೆಲಸಕ್ಕೆ ಬರೋಣ. ರೋಗ ಎಲ್ಲಿಲ್ಲ ಅಂತ ತಿಳಿದರೆ ಎಲ್ಲಿದೆ ಅಂತ ತಿಳಿಯುತ್ತದೆ. ಮೂರು ಪರೀಕ್ಷೆ ಮಾಡು. ಗುಪ್ತಪದ ಕೇಳುವ ಪರದೆಯಲ್ಲೇ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತು. ಚಿತ್ರಗಳೆಲ್ಲ ಮಾಯವಾಗಿ ಬರೀ ಕಪ್ಪು ಪರದೆ ಬರುತ್ತದೆ. ಹೆದರಬೇಡ, ಅದು ಲಿನಕ್ಸಿನ ನೆಲಮಾಳಿಗೆ. ಅಲ್ಲಿ ಹೆಸರು ಹೊಡೆದು ಒಳಗೆ ಹೋಗು. ಅಲ್ಲಿ ಅಕ್ಷರ ಮೂಡಿದರೆ ಕೀಲಿಗಳ ತಪ್ಪಿಲ್ಲ, ತೊಂದರೆ ಮೇಲಿನ ಮಹಡಿಯದು. ಎರಡನೆಯದು, ಶಾಲೆಯಿಂದ ತಂತಿಯ ಕೀಬೋರ್ಡ್ ಒಂದು ಬೇಡಿ ತಂದು ಚುಚ್ಚಿ ನೋಡು. ಮೂರನೆಯದು, ಇದರ ಜೊತೆ ಇಟ್ಟ ಚೀಟಿಯಲ್ಲಿರುವ ಆಜ್ಞೆಯನ್ನು ಆ ಕಪ್ಪು ಪರದೆಯಲ್ಲಿ ಒಂದಕ್ಷರ ಬಿಡದೆ ಹೊಡೆ. ಹೊಸ ಬಳಕೆದಾರ ಹುಟ್ಟುತ್ತಾನೆ. ಆ ಹೆಸರಿನಲ್ಲಿ ಒಳಗೆ ಹೋಗಿ ಟೈಪ್ ಮಾಡು. ಏನಾಯಿತು ಅಂತ ಬರೆ. ನೀನು ಊಹಿಸಿದ್ದು ಬೇಡ, ಕಣ್ಣಾರೆ ಕಂಡದ್ದು ಬರೆ.

ಇಲ್ಲಿ ಎಲ್ಲ ಎಂದಿನ ಹಾಗೆ. ಅರಣ್ಯ ಇಲಾಖೆಯಿಂದ ಇಬ್ಬರು ಬಂದು ಗೋಪುರವನ್ನು ಮೇಲಿಂದ ಕೆಳಗೆ ಅಳೆದುಕೊಂಡು ಹೋದರು. ಬಣ್ಣ ಹೊಡೆಸುತ್ತಾರೇನೋ.

ಝೋನ್ಯಾ


ನೋವಾ ದೊಲಿನ
ಮೇ 29

ಝೋನ್ಯಾ,

ಬ್ರಾಂದಿ ಅಲ್ಲ, ಮಾರಾಯ್ತಿ. ಕಾಗದವೇ ಮೇಜಿನ ಮೇಲೆ ಓಡಾಡುತ್ತದೆ. ಮೇಜಿಗೆ ಹೊಸ ಎಣ್ಣೆಬಟ್ಟೆ ಹಾಸಿದ್ದೇನೆ, ಅದರ ಕರಾಮತ್ತು.

ಕಣ್ಣಾರೆ ಕಂಡದ್ದು: ನೆಲಮಾಳಿಗೆಯಲ್ಲಿ ಅಕ್ಷರ ಸಲೀಸಾಗಿ ಮೂಡಿತು. ಶಾಲೆಯ ಕೀಬೋರ್ಡ್ ಚುಚ್ಚಿದರೆ ಅದೂ ಮೇಲಿನ ಮಹಡಿಯಲ್ಲಿ ಮೂಕ. ಹೊಸ ಬಳಕೆದಾರನಿಗೆ ಪಾವ್ಲಿನಾ ಅಂತ ಹೆಸರಿಟ್ಟೆ. ಪಾವ್ಲಿನಾ ಆಗಿ ಒಳಗೆ ಹೋದರೆ ಎಲ್ಲ ಸರಿ! ಹೆಸರಿಗೆ ತಕ್ಕ ಹಾಗೆ ಒಂದೇ ಸಮ ಮಾತಾಡುತ್ತದೆ. ನೆಸ್ಟರ್ ಆಗಿ ಹೋದರೆ ಮೌನ. ಅಂದರೆ ಯಂತ್ರಕ್ಕೆ ನನ್ನೊಬ್ಬನ ಮೇಲೆ ಸಿಟ್ಟು. ಯಾಕೆ ಅಂತ ಕೇಳಿ ಹೇಳು.

ಗೋಪುರಕ್ಕೆ ಬಣ್ಣ ಹೊಡೆಸುವುದಾದರೆ ಕೆಂಪು ಹೊಡೆಸಲು ಹೇಳು. ಕಾಡಿನ ನಡುವೆ ಬೂದು ಬಣ್ಣ ಯಾರಿಗೆ ಕಾಣುತ್ತದೆ?

ನೆಸ್ಟರ್


ಟಾಮರಾಕ್ ಗುಡ್ಡ
ಜೂನ್ 9

ಅಣ್ಣಾ,

ಸಿಕ್ಕಿತು ಅನ್ನಿಸುತ್ತದೆ. ನೆಸ್ಟರ್ ಹೆಸರಿನಲ್ಲಿ ಒಳಗೆ ಹೋಗಿ, ಯಾವುದಾದರೂ ಒಂದು ಅಕ್ಷರವನ್ನು ಒತ್ತಿ ಹಿಡಿದುಕೋ. ಕುಟ್ಟಬೇಡ, ಬಿಡಬೇಡ, ಒತ್ತಿಯೇ ಇರು. ಒಂದು ಕ್ಷಣದ ಮೇಲೆ ಅಕ್ಷರ ಮೂಡಿದರೆ ನಿನ್ನ ಕೀಬೋರ್ಡ್ ಸತ್ತಿಲ್ಲ, ತಾಳ್ಮೆ ಕಲಿತಿದೆ ಅಷ್ಟೇ.

ಅದಕ್ಕೆ ನಿಧಾನ ಕೀಲಿ ಅನ್ನುತ್ತಾರೆ. ಕೈ ನಡುಗುವವರಿಗೆ, ಬೆರಳು ಹೋಗಬೇಕಾದ ಕಡೆ ಹೋಗದೆ ಪಕ್ಕದ್ದನ್ನು ತಾಗುವವರಿಗೆ ಮಾಡಿಟ್ಟ ಅನುಕೂಲ. ಅರೆಕ್ಷಣ ತಾಗಿದ್ದನ್ನು ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ, ಬೇಕೆಂದೇ ಒತ್ತಿದ್ದನ್ನು ಮಾತ್ರ ತೆಗೆದುಕೊಳ್ಳುತ್ತದೆ. ನಿನ್ನ ಖಾತೆಯಲ್ಲಿ ಅದು ಹೇಗೋ ಚಾಲೂ ಆಗಿದೆ, ಪಾವ್ಲಿನಾಳದ್ದರಲ್ಲಿ ಇಲ್ಲ. ಸೆಟ್ಟಿಂಗ್ಸ್ ಒಳಗೆ, ಗಾಲಿಕುರ್ಚಿಯಂಥ ಗುರುತಿರುವ ಕಡೆ ಹೋಗಿ ಅದನ್ನು ಆಫ್ ಮಾಡು. ಅಲ್ಲೇ ಅದು ಚಾಲೂ ಆದಾಗ ಸದ್ದು ಮಾಡು ಅಂತ ಇನ್ನೊಂದು ಗುಂಡಿ ಇದೆ, ಅದನ್ನು ಹಚ್ಚಿಡು. ಮತ್ತೆ ಆದರೆ ತಿಳಿಯುತ್ತದೆ.

ಅದು ತಾನಾಗಿ ಚಾಲೂ ಆಗುವುದು ಒಂದೇ ರೀತಿ. ಬೇರೆ ಏನನ್ನೂ ಮುಟ್ಟದೆ ಶಿಫ್ಟ್ ಕೀಲಿಯೊಂದನ್ನೇ ಎಂಟು ಸೆಕೆಂಡು ಒತ್ತಿ ಹಿಡಿದಿರಬೇಕು. ಅದರ ಮೇಲೆ ಪುಸ್ತಕ ಗಿಸ್ತಕ ಇಟ್ಟಿದ್ದೆಯಾ?

ಈ ವಾರ ಮಳೆ ಇಲ್ಲ. ಉತ್ತರದಲ್ಲಿ ಸಿಡಿಲು ಬಿದ್ದು ಎರಡು ಕಡೆ ಹೊಗೆ ಎದ್ದಿತು. ಮೊದಲು ಕಂಡದ್ದು ನನಗೇ.

ಝೋನ್ಯಾ


ನೋವಾ ದೊಲಿನ
ಜೂನ್ 21

ನನ್ನ ಜಾಣ ತಂಗಿಗೆ,

ಬಂತು! 'ಕೆ' ಒತ್ತಿ ಹಿಡಿದೆ, ಮೂಡಿತು. ಅಡುಗೆಮನೆಯಲ್ಲಿ ಒಬ್ಬನೇ ಕೂಗಿಕೊಂಡೆ. ಆರಿಸಿದೆ, ಸದ್ದು ಹಚ್ಚಿದೆ. ಅವತ್ತೇ ಐದು ಪುಟ ಮುಗಿಸಿ ಪಾವ್ಲಿನಾಳ ಮುಂದಿಟ್ಟೆ. ಅವಳು ಎಲೆಕೋಸಿನ ಎಲೆಯಲ್ಲಿ ಅನ್ನ ಸುತ್ತಿದ ಹೊಲುಬ್ತ್ಸಿ ಒಂದು ತಟ್ಟೆ ಕಳಿಸಿದಳು. ಎಲೆಕೋಸು ಸ್ವಲ್ಪ ಗಟ್ಟಿ, ಆದರೂ ತಿಂದೆ.

ಆದರೆ ಅದು ಮತ್ತೆ ಮತ್ತೆ ಬರುತ್ತಿದೆ. ಪ್ರತಿ ಸಲ ಆರಿಸುತ್ತೇನೆ. ಬಲಗಡೆ ಇಟ್ಟ ಹಳೇ ಕಾಗದಗಳನ್ನು ನೋಡಿಕೊಂಡು ಟೈಪ್ ಮಾಡುತ್ತೇನಲ್ಲ, ಒಂದು ಸಾಲು ಓದಿ ತಲೆ ತಿರುಗಿಸುವಷ್ಟರಲ್ಲಿ ಕೀಬೋರ್ಡ್ ಮತ್ತೆ ತಾಳ್ಮೆಯ ಸಂತ ಆಗಿಬಿಟ್ಟಿರುತ್ತದೆ. ಸದ್ದೂ ಮಾಡುತ್ತದೆ, ಸುಳ್ಳು ಹೇಳಬಾರದು. ಪಕ್ಕದ ಮನೆ ಬೆಕ್ಕು ಮೇಜು ಹತ್ತುತ್ತದೆ, ಅದರದ್ದೇ ಕೆಲಸ ಇರಬೇಕು. ಒಂದು ಪುಟ ಅಚ್ಚು ಹಾಕಿ ಇದರ ಜೊತೆ ಇಟ್ಟಿದ್ದೇನೆ, ತಪ್ಪು ತಿದ್ದಿ ಕಳಿಸು. ಅಲ್ಲಲ್ಲಿ ಎಲ್ಲ ಕ್ಯಾಪಿಟಲ್ ದೊಡ್ಡಕ್ಷರ ಆಗಿ, ಯಾರೋ ಕೂಗಿದ ಹಾಗಿದೆ. ಅದನ್ನು ಬಿಟ್ಟು ಓದು.

ಶಾಲೆಗೆ ಮುಂದಿನ ವಾರ ರಜೆ. ಜುಲೈ ಕೊನೆಯ ಭಾನುವಾರ ಚರ್ಚಿನ ಶಿಬಿರದ ಮಕ್ಕಳನ್ನು ಸರೋವರಕ್ಕೆ ಕರೆದುಕೊಂಡು ಹೋಗಬೇಕು, ಅದೊಂದು ಓಟ ಇದೆ. ಶರಟಿನ ಕಾಟ ಬಿಟ್ಟು ಈ ಬೇಸಿಗೆಗೆ ಗುಂಡಿಯಿಲ್ಲದ ಟೀ-ಶರ್ಟನ್ನೇ ತೊಡುತ್ತಿದ್ದೇನೆ. ಪಾವ್ಲಿನಾ ಏನಂದಳು ಗೊತ್ತಾ? "ಏನೋ ಇದು, ಹುಡುಗಿ ನೋಡೋಕೆ ಹೊರಟಿದ್ದೀಯಾ?"

ನೆಸ್ಟರ್


ಟಾಮರಾಕ್ ಗುಡ್ಡ
ಜುಲೈ 2

ಅಣ್ಣಾ,

ನಿನ್ನ ಪುಟವನ್ನು ಅನೇಕ ಸಲ ಓದಿದೆ. ತಪ್ಪು ತಿದ್ದಲು ಅಲ್ಲ.

ಬೆಕ್ಕು ಎಡಗಡೆಯ ಶಿಫ್ಟ್ ಕೀಲಿಯನ್ನೇ ಹುಡುಕಿಕೊಂಡು ಬಂದು, ಪಕ್ಕದ ಕೀಲಿಯನ್ನು ತಾಗದೆ, ಒಂದೇ ಬೆರಳಿನಲ್ಲಿ ಒತ್ತಿಕೊಂಡು ಕೂರುವುದಿಲ್ಲ. ನಿನ್ನ ಪುಟದಲ್ಲಿ ದೊಡ್ಡಕ್ಷರ ಶುರುವಾಗುವುದು ಎಲ್ಲಿ ಅಂತ ನೋಡು. ಎಲ್ಲ ಕಡೆಯೂ ಸಾಲಿನ ಕೊನೆಯ ಒಂದೆರಡು ಪದ. ಅಂದರೆ ನೀನು ಟೈಪ್ ಮಾಡುತ್ತಿರುವಾಗಲೇ ನಿನ್ನ ಎಡಗೈಯ ಕಿರುಬೆರಳು ಶಿಫ್ಟ್ ಮೇಲೆ ಇಳಿದು ಕೂರುತ್ತದೆ. ಆಮೇಲೆ ನೀನು ಮುಂದಿನ ಸಾಲು ಓದಲು ಬಲಕ್ಕೆ ತಿರುಗುತ್ತೀ. ಬೆರಳು ಅಲ್ಲೇ ಇರುತ್ತದೆ. ಎಂಟು ಸೆಕೆಂಡು ಕಳೆದು ಸದ್ದಾಗುತ್ತದೆ.

ಬೆರಳು ಕೂರುವುದು ದೊಡ್ಡದಲ್ಲ. ಅದು ಕೂತಿದೆ ಅಂತ ನಿನಗೆ ತಿಳಿಯುತ್ತಿಲ್ಲವಲ್ಲ, ಅದು ನನಗೆ ನಿದ್ದೆ ಕೊಡುತ್ತಿಲ್ಲ.

ನಿನ್ನ ಕಾಗದಗಳನ್ನೆಲ್ಲ ಹರಡಿಕೊಂಡು ಕೂತೆ. ಸಾಲು ಜಾರುವುದು ಎಣ್ಣೆಬಟ್ಟೆಯಿಂದ ಅಲ್ಲ, ಎಡಗೈ ಕಾಗದವನ್ನು ಹಿಡಿಯುತ್ತಿಲ್ಲ. ಬಟ್ಟಲು ಜಾರಿದ್ದು ಸೋಪಿನಿಂದ ಅಲ್ಲ. ಗುಂಡಿಯಿಲ್ಲದ ಟೀ-ಶರ್ಟ್ ಹಾಕಿದ್ದು ಬೇಸಿಗೆಗಲ್ಲ. ನಾನು ಮೂರು ಕಾಗದಗಳಿಂದ ನಿನ್ನ ಅಕ್ಷರಕ್ಕೆ ನಗುತ್ತ ಕೂತಿದ್ದೆ. ಹೊಗೆ ಹುಡುಕುವವಳಿಗೆ ಇದು ಕಾಣಲಿಲ್ಲ.

ಹೇಳು, ಕೈ ಜೋಮು ಹಿಡಿಯುತ್ತದೆಯಾ? ಸ್ಟೀರಿಂಗ್ ಮೇಲೆ ಎಡಗೈ ಎಲ್ಲಿದೆ ಅಂತ ನೋಡದೆ ಗೊತ್ತಾಗುತ್ತದೆಯಾ?

ಡಾಕ್ಟರ ಹತ್ತಿರ ಹೋಗು. ಅವರು ಸರಿ ಅನ್ನುವ ತನಕ ಬಸ್ಸಿನಲ್ಲಿ ಕೂರಬೇಡ. ಸರೋವರದ ಓಟವನ್ನು ಬೇರೆಯವರಿಗೆ ಕೊಡು.

ಝೋನ್ಯಾ


ನೋವಾ ದೊಲಿನ
ಜುಲೈ 11

ಝೋನ್ಯಾ,

ನಾನು ಕೇಳಿದ್ದು ಕೀಬೋರ್ಡಿನ ವಿಷಯ. ನನ್ನ ವಿಷಯ ಅಲ್ಲ.

ಇಪ್ಪತ್ತೆಂಟು ವರ್ಷ ಮಂಜು, ಹಿಮ, ಜಿಂಕೆ, ಕುಡುಕರು ಎಲ್ಲದರ ನಡುವೆ ಓಡಿಸಿದ್ದೇನೆ. ಒಂದು ಮಗುವಿನ ಮೊಣಕಾಲು ತರಚಿಲ್ಲ. ಬೇಸಿಗೆಯಿಡೀ ಗುಡ್ಡದ ಮೇಲೆ ಒಬ್ಬಳೇ ಕೂತರೆ ಎಲ್ಲಿ ನೋಡಿದರೂ ಹೊಗೆ ಕಾಣುತ್ತದೆ. ನಿನಗೆ ಯಾವಾಗಲೂ ನನ್ನ ಮೇಲೆ ಯಜಮಾನಿಕೆ ಬೇಕು, ಚಿಕ್ಕಂದಿನಿಂದ ಹೀಗೇ.

ಪುಟ ತಿದ್ದಿ ಕಳಿಸು ಅಂದಿದ್ದೆ. ಅದನ್ನೂ ಕಳಿಸಲಿಲ್ಲ.

ನೆಸ್ಟರ್


ಟಾಮರಾಕ್ ಗುಡ್ಡ
ಜುಲೈ 20

ಅಣ್ಣಾ,

ಪುಟ ತಿದ್ದಿ ಇಟ್ಟಿದ್ದೇನೆ. ಸಭಾಭವನದ ಮೊದಲ ನಾಟಕದಲ್ಲಿ ತಾತ ಹೆಣ್ಣುವೇಷ ಹಾಕಿದ ಭಾಗ ಚೆನ್ನಾಗಿ ಬಂದಿದೆ. ಮುಟ್ಟಲಿಲ್ಲ.

ನಾನು ಒರಟಾಗಿ ಬರೆದೆ. ಇನ್ನೂ ಮೆತ್ತಗೆ ಬರೆಯಬಹುದಿತ್ತು, ಆದರೆ ಬೇರೆ ಏನನ್ನೂ ಬರೆಯಲು ಆಗುತ್ತಿರಲಿಲ್ಲ.

ಈಗ ನಿನಗೆ ಇನ್ನಷ್ಟು ಸಿಟ್ಟು ಬರುವ ಮಾತು. ಮೊನ್ನೆ ಹವಾಮಾನ ವರದಿ ಕೊಟ್ಟ ಮೇಲೆ ಮೈಕ್ ಕೈಯಲ್ಲೇ ಇತ್ತು. ನಿಮ್ಮ ಬಸ್ ಆಫೀಸಿನ ಲಾರ್ನ್‌ಗೆ ಒಂದು ಮಾತು ತಲುಪಿಸಿ ಅಂದರೆ ಸಾಕಿತ್ತು, ರೇಡಿಯೊ ಕೇಂದ್ರದವರು ಫೋನು ಮಾಡಿ ಹೇಳುತ್ತಿದ್ದರು. ಅನ್ನಲಿಲ್ಲ, ಮೈಕ್ ಇಟ್ಟುಬಿಟ್ಟೆ. ನಿನ್ನ ಬೆನ್ನ ಹಿಂದೆ ಆಗುವುದು ಬೇಡ. ಆದರೆ ಸರೋವರದ ಓಟದ ಹಿಂದಿನ ದಿನದ ತನಕ ನಿನ್ನಿಂದ ಸುದ್ದಿ ಬರದಿದ್ದರೆ ಹೇಳಿಸುತ್ತೇನೆ. ನೀನು ಜನ್ಮವಿಡೀ ನನ್ನ ಜೊತೆ ಮಾತು ಬಿಟ್ಟರೂ ಸರಿ. ಬಸ್ಸಿನಲ್ಲಿ ಕೂರುವುದು ನೀನೊಬ್ಬನೇ ಅಲ್ಲ.

ಇವತ್ತು ಬೆಂಕಿ ಆರಿಸುವ ಹುಡುಗರ ಹೆಲಿಕಾಪ್ಟರ್ ಇಳಿದಿದೆ. ಅವರ ಕೈಗೆ ಈ ಕಾಗದ ಕೊಡುತ್ತಿದ್ದೇನೆ.

ಝೋನ್ಯಾ


ನೋವಾ ದೊಲಿನ
ಆಗಸ್ಟ್ 14

ಝೋನ್ಯಾ,

ರೇಡಿಯೊದಲ್ಲಿ ನಿನಗೆ ತಲುಪಿಸಿದ್ದು ಒಂದೇ ಸಾಲು, 'ನೆಸ್ಟರ್ ಬಸ್ಸು ಬಿಟ್ಟುಕೊಟ್ಟಿದ್ದಾನೆ' ಅಂತ. ಉಳಿದದ್ದು ಇದು.

ನಿನ್ನ ಬೆದರಿಕೆಯ ಕಾಗದ ನಾನು ಬಸ್ಸು ಬಿಟ್ಟುಕೊಟ್ಟ ಮಾರನೆಯ ದಿನ ಬಂತು. ತಡವಾಗಿ ಬಂದದ್ದೇ ಒಳ್ಳೆಯದಾಯಿತು. ಮೊದಲೇ ಬಂದಿದ್ದರೆ ಹಟಕ್ಕಾದರೂ ಓಡಿಸುತ್ತಿದ್ದೆನೇನೋ. ನನ್ನನ್ನು ನೀನು ಬಲ್ಲೆ.

ಆದದ್ದು ಹೀಗೆ. ನೀನು ಹೇಳಿದ್ದು ಸುಳ್ಳು ಅಂತ ತೋರಿಸಬೇಕಿತ್ತು, ನಿನಗಲ್ಲ, ನನಗೇ. ಬೆಳಗಿನ ಕಾಫಿ ಮುಗಿಸಿ ಲ್ಯಾಪ್‌ಟಾಪ್ ತೆರೆದು ಕೂತೆ. ಎರಡೂ ಕೈ ಕೀಲಿಗಳ ಮೇಲೆ ಎತ್ತಿ ಹಿಡಿದುಕೊಂಡೆ, ತಾಗದ ಹಾಗೆ. ಆಮೇಲೆ ಬಲಕ್ಕೆ ತಿರುಗಿ ಒಂದು ಸಾಲು ಓದಿದೆ. ಕೈ ಎತ್ತಿಯೇ ಇದೆ ಅಂತ ನನಗೆ ಪೂರಾ ನಂಬಿಕೆ. ಪ್ರಮಾಣ ಮಾಡುತ್ತಿದ್ದೆ. ಟಣ್ ಅಂತ ಸದ್ದಾಯಿತು. ತಿರುಗಿ ನೋಡಿದರೆ ಕಿರುಬೆರಳು ಶಿಫ್ಟ್ ಮೇಲೆ ಮಲಗಿತ್ತು. ಬೇರೆ ಯಾರದೋ ಬೆರಳಿನ ಹಾಗೆ.

ಮತ್ತೊಮ್ಮೆ ಮಾಡಲು ಧೈರ್ಯ ಬರಲಿಲ್ಲ. ಸ್ಟೀರಿಂಗ್ ಮೇಲೆ ಆ ಕೈ ಇಷ್ಟು ತಿಂಗಳು ಏನು ಮಾಡುತ್ತಿತ್ತು ಅಂತ ಯೋಚಿಸುತ್ತ, ಕಾಫಿ ಲೋಟ ತೊಳೆಯದೆ ಕೂತಿದ್ದೆ. ಆಮೇಲೆ ನಡೆದುಕೊಂಡೇ ಆಫೀಸಿಗೆ ಹೋದೆ. ಲಾರ್ನ್ ನನ್ನ ಮುಖ ನೋಡಿ "ಏನಪ್ಪಾ, ಬ್ರೇಕ್ ಹೋಯ್ತಾ?" ಅಂದ. "ಬಸ್ಸಿಂದಲ್ಲ, ನಂದು" ಅಂದು ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟೆ. ಅವನು ಕೂಡಲೇ ಎದ್ದ. ತನ್ನ ಕಾರಿನಲ್ಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ನಮ್ಮ ಡಾಕ್ಟರು ತುರ್ತು ಅಂತ ಬರೆದು ಎಡ್ಮಂಟನ್‌ನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಮಾಡಿದರು. ಕುತ್ತಿಗೆಯ ಮೂಳೆಗಳ ನಡುವೆ ಬೆನ್ನುಹುರಿ ಅದುಮಿಕೊಂಡಿದೆಯಂತೆ. ಸೆಪ್ಟೆಂಬರ್ ಹದಿನೆಂಟಕ್ಕೆ ಆಪರೇಷನ್. ಸರ್ಜನ್ ಹುಡುಗಿ, ನನ್ನ ಬಸ್ಸಿನಲ್ಲಿ ಬಂದವಳೋ ಅನ್ನುವಷ್ಟು ಚಿಕ್ಕವಳು, ನೇರವಾಗಿ ಹೇಳಿದಳು: "ಇನ್ನೂ ಕೆಡದ ಹಾಗೆ ತಡೀಬಹುದು. ಹೋಗಿರೋದೆಲ್ಲ ವಾಪಸ್ ಬರುತ್ತೆ ಅಂತ ಮಾತು ಕೊಡಲ್ಲ. ಹೀಗೇ ಬಿಟ್ಟಿದ್ರೆ ಕಾಲಿಗೂ ಬರ್ತಿತ್ತು. ಅಂದ ಹಾಗೆ ಇಷ್ಟು ಬೇಗ ನಿಮಗೆ ಹೇಗ್ ಗೊತ್ತಾಯ್ತು?"

"ನನ್ನ ತಂಗಿ ಹೇಳಿದ್ಲು."

"ಅವರೂ ಡಾಕ್ಟ್ರಾ?"

"ಅಲ್ಲಮ್ಮ, ಕಾಡಲ್ಲಿ ಕೂತು ಹೊಗೆ ನೋಡ್ತಾಳೆ."

ಅವಳು ನಕ್ಕಳು. ನಾನೂ ನಕ್ಕೆ.

ಈ ಕಾಗದವನ್ನು ಟೈಪ್ ಮಾಡಿದ್ದೇನೆ, ನೋಡಿದೆಯಲ್ಲ. ಆ ನಿಧಾನ ಕೀಲಿಯನ್ನು ಈಗ ನಾನೇ ಹಚ್ಚಿಕೊಂಡಿದ್ದೇನೆ. ಎಡಗೈ ಬೇಡದ ಕಡೆ ತಾಗಿದರೂ ಯಂತ್ರ ಕಿವಿಗೆ ಹಾಕಿಕೊಳ್ಳುವುದಿಲ್ಲ. ಒಂದೊಂದೇ ಅಕ್ಷರ ಒತ್ತಿ, ಅದು ಮೂಡುವ ತನಕ ಕಾಯುತ್ತೇನೆ. ಇದನ್ನು ಬರೆಯಲು ಮೂರು ಸಂಜೆ ಬೇಕಾಯಿತು. ಸರೋವರಕ್ಕೆ ಬೇರೆ ಊರಿನ ಚಾಲಕ ಹೋದ. ಮಕ್ಕಳೆಲ್ಲ ಬಿಸಿಲಿಗೆ ಕೆಂಪಾಗಿ ಮರಳಿ ಬಂದವು.

ಯಜಮಾನಿಕೆ ಅಂತ ಬರೆದಿದ್ದೆ. ಅದನ್ನು ಹರಿದುಹಾಕು.

ನೆಸ್ಟರ್


ಟಾಮರಾಕ್ ಗುಡ್ಡ
ಆಗಸ್ಟ್ 24

ಅಣ್ಣಾ,

ರೇಡಿಯೊದಲ್ಲಿ ಆ ಒಂದು ಸಾಲು ಬಂದಾಗ "ಇನ್ನೊಂದ್ ಸಲ ಹೇಳಿ" ಅಂದೆ. ರೇಡಿಯೊ ಕೇಂದ್ರದ ಹುಡುಗ ಇನ್ನೊಮ್ಮೆ ಹೇಳಿದ. ಕೇಳಿಸಲಿಲ್ಲ ಅಂತ ಮತ್ತೂ ಒಮ್ಮೆ ಹೇಳಿಸಿದೆ. ಕೇಳಿಸಿತ್ತು.

ನಿನಗೆ ಹೇಳದೆ ಇಟ್ಟ ಮಾತೊಂದು ನನ್ನಲ್ಲೂ ಇದೆ. ಮೇ ತಿಂಗಳಲ್ಲಿ ಬಂದವರು ಬಣ್ಣಕ್ಕೆ ಅಳತೆ ತೆಗೆಯಲಿಲ್ಲ. ಗೋಪುರದ ತುದಿಗೆ ಕ್ಯಾಮೆರಾ ಕೂರಿಸುತ್ತಾರೆ. ಮುಂದಿನ ವರ್ಷದಿಂದ ಇಲ್ಲಿ ಮನುಷ್ಯರು ಬೇಕಿಲ್ಲ. ಅವತ್ತೇ ನನಗೆ ಗೊತ್ತಿತ್ತು. ಹೇಳಿದರೆ ನೀನು "ಮನೆಗೆ ಬಾ" ಅನ್ನುತ್ತೀ, ನಾನು ಆಗುವುದಿಲ್ಲ ಅನ್ನುತ್ತೇನೆ, ಜಗಳ ಆಗುತ್ತದೆ ಅಂತ ಸುಮ್ಮನಿದ್ದೆ. ನೀನು ಕೆಂಪು ಬಣ್ಣ ಹೊಡೆಸು ಅಂತ ಬರೆದದ್ದನ್ನು ಓದಿ ಅತ್ತುಬಿಟ್ಟೆ. ನಿನಗೆ ಬಸ್ಸು ಬಿಡು ಅಂತ ಒಂದೇ ಪುಟದಲ್ಲಿ ಬರೆದು ಮುಗಿಸಿದೆ. ನಾನು ಗೋಪುರ ಬಿಡುತ್ತಿದ್ದೇನೆ ಅಂತ ಬರೆಯಲು ನನಗೆ ಬೇಸಿಗೆಯಿಡೀ ಬೇಕಾಯಿತು.

ಸೆಪ್ಟೆಂಬರ್ ಹತ್ತಕ್ಕೆ ಕೆಳಗಿಳಿಸುತ್ತಾರೆ. ಆಪರೇಷನ್ ದಿನ ನಾನು ಅಲ್ಲಿರುತ್ತೇನೆ. ಆಮೇಲಿನ ಮಾತು ಆಮೇಲೆ. ನೀನು ಮನೆಗೆ ಬಾ ಅನ್ನು, ನಾನು ಏನನ್ನುತ್ತೇನೋ ನೋಡೋಣ.

ಝೋನ್ಯಾ


ನೋವಾ ದೊಲಿನ
ಸೆಪ್ಟೆಂಬರ್ 4

ಝೋನ್ಯಾ,

ಮನೆಗೆ ಬಾ.

ಮೇಲಿನ ಕೋಣೆಯಲ್ಲಿದ್ದ ಡಬ್ಬಗಳನ್ನು ಪಾವ್ಲಿನಾ ಬಂದು ಕೆಳಗಿಳಿಸಿದಳು. ನನಗೆ ಎತ್ತಲು ಬಿಡಲಿಲ್ಲ. ಪುಸ್ತಕ ಅಚ್ಚಿಗೆ ಹೋಯಿತು. ನಿನಗೆ ಗೋಪುರ ಎಷ್ಟು ಮುಖ್ಯ ಅಂತ ನನಗೆ ಗೊತ್ತು, ಆದ್ದರಿಂದ ಒಳ್ಳೆಯದಾಯಿತು ಅಂತ ನಾನು ಅನ್ನುವುದಿಲ್ಲ. ಕಿಟಕಿಯಿಂದ ಇಲ್ಲಿ ಕಾಣುವುದು ಗೋಧಿ ಹೊಲ, ಧಾನ್ಯದ ಉಗ್ರಾಣ, ಪಾವ್ಲಿನಾಳ ಬಟ್ಟೆ ಒಣಗುವ ಹಗ್ಗ. ಅಷ್ಟೇ.

ಇವತ್ತು ಶಾಲೆ ಶುರು. ನಾನು ಎಂದಿನ ಹೊತ್ತಿಗೇ ಎದ್ದೆ, ಕಾಲುಗಳು ಬಸ್ಸಿನ ಅಂಗಳಕ್ಕೆ ಒಯ್ದವು. ಹೊಸ ಚಾಲಕಿ ಕೆಂಡ್ರಾ ಟೈರಿಗೆ ಗಾಳಿ ನೋಡುತ್ತಿದ್ದಳು. ಸುಮ್ಮನೆ ಹೋಗಬೇಕಿತ್ತು, ಆದರೆ ಬಾಯಿ ನಿಲ್ಲಲಿಲ್ಲ. "ಹುಟ್ಸುಲ್ ಅವ್ರ ಗೇಟಲ್ಲಿ ಸ್ವಲ್ಪ ಕಾಯ್ಬೇಕು. ಟೆಸ್ಸಾ ಒಂದು ಬೂಟ್ ಕೈಯಲ್ಲಿ ಹಿಡ್ಕೊಂಡೇ ಓಡಿ ಬರ್ತಾಳೆ. ಸೇತುವೆ ದಾಟಿದ ಮೇಲೆ ಬಲಗಡೆ ಗುಂಡಿ..." ಅಂತ ಶುರುಮಾಡಿದೆ. ಅವಳು "ಇಷ್ಟೆಲ್ಲ ನನ್ ತಲೇಲಿ ನಿಲ್ಲಲ್ಲ ಅಂಕಲ್, ಹತ್ತಿ, ದಾರಿ ತೋರ್ಸಿ" ಅಂದಳು. ಲಾರ್ನ್ ಕಿಟಕಿಯಿಂದ ಹೋಗು ಅಂತ ಕೈ ಬೀಸಿದ.

ಮುಂದಿನ ಸೀಟಿನಲ್ಲಿ ಕೂತೆ. ಇಷ್ಟು ವರ್ಷ ಅದೇ ದಾರಿಯಲ್ಲಿ ಹೋಗಿ ಬಂದಿದ್ದೇನೆ, ಪಕ್ಕಕ್ಕೆ ತಿರುಗಿ ನೋಡಿದ್ದೇ ಇಲ್ಲ. ಸೇತುವೆಯ ಕೆಳಗೆ ಬಾತುಕೋಳಿಗಳಿವೆ ಅಂತ ಇವತ್ತು ಗೊತ್ತಾಯಿತು. ಕೆಂಡ್ರಾ ಚೆನ್ನಾಗಿ ಓಡಿಸುತ್ತಾಳೆ. ಗುಂಡಿ ಬಂದಾಗ ನಾನು ಹೇಳುವ ಮೊದಲೇ ನಿಧಾನ ಮಾಡಿದಳು.

ಹುಟ್ಸುಲ್ ಗೇಟಿನಲ್ಲಿ ಟೆಸ್ಸಾ ಬೂಟು ಕೈಯಲ್ಲಿ ಹಿಡಿದುಕೊಂಡೇ ಹತ್ತಿದಳು. ಚಾಲಕಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ನೀವ್ಯಾಕೆ ಇಲ್ಲಿ ಕೂತಿದ್ದೀರಿ?"

ಎದ್ದು ನಿಂತು, ಅವಳ ತಲೆ ಸವರಿ ಹೇಳಿದೆ. "ನಾನೀಗ ನಿನ್ನ ಹಾಗೇ ಪ್ಯಾಸೆಂಜರ್ ಕಣಮ್ಮ."

ನಾನು ಅವಳಿಗೆ ದಿನಾ ಹೇಳುತ್ತಿದ್ದ ಮಾತನ್ನೇ, ನನ್ನದೇ ಗಡಸು ದನಿಯಲ್ಲಿ ಹೇಳಿದಳು. "ಹಾಗಾದ್ರೆ ಬಸ್ಸು ಹೊರಡೋವಾಗ ನಿಂತ್ಕೋಬಾರ್ದು. ಕೂತ್ಕೊಳ್ಳಿ."

ಕೂತೆ.

ನಿನ್ನ ಅಣ್ಣ
ನೆಸ್ಟರ್